ಮನೆ ಶುಚಿಗೆ ಏಜೆನ್ಸಿಯೋ, ಬಡಾವಣೆಯ ಕೆಲಸದವರೋ?

ಮಾನ್ಯ ಸಂಪಾದಕರೇ,

ಬನಶಂಕರಿ ಕಡೆಯ ನಮ್ಮ ಅಪಾರ್ಟ್‌ಮೆಂಟ್‌ನ ನಿವಾಸಿಗಳ ಸಂಘದ ಮುಂದೆ ಈಗೊಂದು ಪ್ರಸ್ತಾವ ಇದೆ. ಮನೆ ಗುಡಿಸಿ ಒರೆಸುವುದಕ್ಕೆ, ಬಾತ್‌ರೂಮು ತೊಳೆಯುವುದಕ್ಕೆ ಇನ್ನು ಮುಂದೆ ಸಂಘ ಗೊತ್ತುಮಾಡಿದ ಏಜೆನ್ಸಿಯ ಸಿಬ್ಬಂದಿಯನ್ನು ಮಾತ್ರ ಗೇಟಿನೊಳಗೆ ಬಿಡಬೇಕು, ಸುತ್ತಲಿನ ಬಡಾವಣೆಗಳಿಂದ ನಡೆದು ಬಂದು ನಾಲ್ಕಾರು ಮನೆಗಳಲ್ಲಿ ಸ್ವತಂತ್ರವಾಗಿ ದುಡಿಯುವ ಹೆಂಗಸರಿಗೆ ಪಾಸು ಕೊಡುವುದನ್ನು ಹಂತಹಂತವಾಗಿ ನಿಲ್ಲಿಸಬೇಕು ಎಂಬುದು ಅದರ ತಿರುಳು. ಸುರಕ್ಷತೆ, ಕೆಲಸದ ಗುಣಮಟ್ಟ, ಬದಲಿ ವ್ಯವಸ್ಥೆ ಎಂದು ಮೂರು ಕಾರಣಗಳನ್ನು ಕೊಟ್ಟಿದ್ದಾರೆ. ನಗರದ ಬೇರೆ ಕಡೆ ಇರುವ ಪರಿಚಿತರನ್ನು ವಿಚಾರಿಸಿದರೆ ಅವರಲ್ಲೂ ಇಂಥದೇ ಮಾತು ನಡೆದಿದೆ ಎನ್ನುತ್ತಾರೆ. ಆದ್ದರಿಂದ ಇದನ್ನು ನಮ್ಮ ಕಟ್ಟಡದೊಳಗಿನ ತಕರಾರು ಎಂದಷ್ಟೇ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸಕ್ಕೆ ನಾವೇ ನೇರವಾಗಿ ಗೊತ್ತುಮಾಡಿಕೊಂಡ ಸ್ಥಳೀಯರೇ ಸರಿ, ವರ್ಷಕ್ಕೊಮ್ಮೆ ಬರುವ ಭಾರಿ ಕೆಲಸಕ್ಕೆ ಏಜೆನ್ಸಿ ಸರಿ. ಆದರೆ ಯಾರನ್ನೇ ಆರಿಸಲಿ, ಕೆಲಸ ಮಾಡುವಾಕೆಗೆ ಕಾಯಿಲೆಯಾದರೆ, ಕೈಕಾಲು ಮುರಿದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರ ಪಡೆಯದೆ ಆರಿಸಬಾರದು. ನಮ್ಮ ಸಂಘದ ಪ್ರಸ್ತಾವದಲ್ಲಿ ಇಲ್ಲದಿರುವುದು ಈ ಪ್ರಶ್ನೆಯೊಂದೇ.

ನಾವು ಏಜೆನ್ಸಿ ಎಂದು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆಬೇರೆ ವ್ಯವಹಾರಗಳಿವೆ. ಮೊದಲನೆಯದು ಜನರನ್ನು ಹುಡುಕಿಕೊಡುವ ಏಜೆನ್ಸಿ. ಇದು ನಮ್ಮಿಂದ ಕಮಿಷನ್ ತೆಗೆದುಕೊಂಡು, ಎಷ್ಟೋ ಸಲ ಕೆಲಸಕ್ಕೆ ಬಂದವರ ಮೊದಲ ಸಂಬಳದಲ್ಲೂ ಒಂದು ಪಾಲು ಹಿಡಿದುಕೊಂಡು, ಇಷ್ಟು ತಿಂಗಳೊಳಗೆ ಬಿಟ್ಟುಹೋದರೆ ಮತ್ತೊಬ್ಬರನ್ನು ಕಳಿಸುತ್ತೇವೆ ಎಂಬ ಮಾತು ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಕೆಲಸದಾಕೆಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದು ಹೌಸ್‌ಕೀಪಿಂಗ್ ಕಂಪನಿ. ಸಿಬ್ಬಂದಿಗೆ ತಾನೇ ಸಂಬಳ ಕೊಟ್ಟು, ಸಮವಸ್ತ್ರ ತೊಡಿಸಿ, ನಮಗೆ ಬಿಲ್ ಕಳಿಸುತ್ತದೆ. ಮೂರನೆಯದು ಮೊಬೈಲ್ ಆ್ಯಪ್. ಅರ್ಬನ್ ಕಂಪನಿ 2025ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ‘ಇನ್‌ಸ್ಟಾ ಮೇಡ್ಸ್’ ಎಂಬ ಹೆಸರಿನಲ್ಲಿ ಗಂಟೆಗೆ 49 ರೂಪಾಯಿಯ ಆರಂಭಿಕ ದರದಲ್ಲಿ ಮನೆಗೆಲಸದ ಸೇವೆ ಶುರುಮಾಡಿ, ಟೀಕೆ ಬಂದ ಮೇಲೆ ಹೆಸರನ್ನು ‘ಇನ್‌ಸ್ಟಾ ಹೆಲ್ಪ್’ ಎಂದು ಬದಲಿಸಿದ್ದು ಹಲವರಿಗೆ ನೆನಪಿರಬಹುದು. ಆ್ಯಪ್‌ಗಳ ಲೆಕ್ಕದಲ್ಲಿ ಕೆಲಸ ಮಾಡುವಾಕೆ ನೌಕರಳಲ್ಲ, ‘ಪಾರ್ಟ್‌ನರ್’. ಈ ಮೂರರಲ್ಲಿ ಯಾವುದರೊಂದಿಗೆ ವ್ಯವಹರಿಸುತ್ತಿದ್ದೇವೆ ಎಂದು ತಿಳಿಯದೆ, ಏಜೆನ್ಸಿಯೆಂದರೆ ಭದ್ರತೆ ಎಂದು ಒಪ್ಪಿಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಹಣದ ಮಾತಿಗೆ ಬರೋಣ. ನೇರವಾಗಿ ಕೊಟ್ಟ ಸಂಬಳ ಪೂರ್ತಿಯಾಗಿ ಕೆಲಸದಾಕೆಯ ಕೈ ಸೇರುತ್ತದೆ. ಹೌಸ್‌ಕೀಪಿಂಗ್ ಕಂಪನಿಯ ಬಿಲ್ಲಿನಲ್ಲಿ ಆಕೆಯ ಸಂಬಳದ ಜೊತೆಗೆ ಮೇಲ್ವಿಚಾರಕರ ವೆಚ್ಚ, ಕಂಪನಿಯ ಲಾಭ, ಮೇಲೆ ಶೇ 18ರಷ್ಟು ಜಿಎಸ್‌ಟಿ ಇರುತ್ತವೆ. ಇಷ್ಟನ್ನೇ ಹಿಡಿದು ಸ್ವತಂತ್ರ ಕೆಲಸದವರು ಅಗ್ಗ, ಅದಕ್ಕೇ ಅವರು ಇರಲಿ ಎಂದು ವಾದಿಸುವವರು ನಮ್ಮಲ್ಲಿ ಇದ್ದಾರೆ. ಆ ವಾದ ನನ್ನದಲ್ಲ. ಅವರು ಅಗ್ಗವಾಗಿರುವುದು ನಾವು ಯಾವ ವಂತಿಗೆಯನ್ನೂ ಕಟ್ಟದಿರುವುದರಿಂದ. ಹತ್ತು ಅಥವಾ ಹೆಚ್ಚು ಮಂದಿ ನೌಕರರಿರುವ ಸಂಸ್ಥೆ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆಲ್ಲ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಮಾಡಿಸಬೇಕು. ಮಾಲೀಕರ ಪಾಲು ಶೇ 3.25, ನೌಕರರ ಪಾಲು ಶೇ 0.75. ಇಷ್ಟು ಸಣ್ಣ ವಂತಿಗೆಯಿಂದ ಕುಟುಂಬಕ್ಕೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಶೇ 70ರಷ್ಟು ಸಂಬಳ, ಹೆರಿಗೆಗೆ 26 ವಾರಗಳ ಸವಲತ್ತು, ಕೆಲಸದಲ್ಲಿ ಅಂಗವಿಕಲರಾದರೆ ಪರಿಹಾರ, ಎಲ್ಲವೂ ದೊರೆಯುತ್ತವೆ. ಇಪ್ಪತ್ತು ಮಂದಿಯಾದರೆ ಭವಿಷ್ಯನಿಧಿಯೂ ಕಡ್ಡಾಯ. ಏಜೆನ್ಸಿಗೆ ನಾವು ಕೊಡುವ ಹೆಚ್ಚಿನ ಹಣಕ್ಕೆ ನಿಜವಾದ ಸಮರ್ಥನೆಯಿದ್ದರೆ ಅದು ಇಲ್ಲಿದೆಯೇ ಹೊರತು ಸಮವಸ್ತ್ರದಲ್ಲಿ ಅಲ್ಲ.

ಹಾಗಾದರೆ ಏಜೆನ್ಸಿಯನ್ನು ಗೊತ್ತುಮಾಡುವಾಗ ನಾವು ಕೇಳುವುದೇನು? ಎಷ್ಟು ಗಂಟೆಗೆ ಬರುತ್ತಾರೆ, ಫಿನಾಯಿಲ್ ಯಾರು ತರಬೇಕು, ಹೆಂಗಸರು ಬರುತ್ತಾರೋ ಗಂಡಸರೋ. ‘ನೀವು ಕಳಿಸುವವರ ಇಎಸ್‌ಐ ಸಂಖ್ಯೆ ಕೊಡಿ’ ಎಂದು ಕೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಸಂಘದ ಪರವಾಗಿ ದರಪಟ್ಟಿ ತರಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ನಾನು ಕೇಳಿದೆ. ಒಂದು ಏಜೆನ್ಸಿಯವರು ಸಂಖ್ಯೆಗಳನ್ನು ಅಂದೇ ಕಳಿಸಿದರು. ಮತ್ತೊಂದರವರು, ‘ಮೇಡಂ, ನಮ್ಮ ಹುಡುಗಿಯರೆಲ್ಲ ಡೈಲಿ ವೇಜಸ್, ಅವರಿಗೆ ಅದೆಲ್ಲ ಬರಲ್ಲ’ ಎಂದರು. ದರದಲ್ಲಿ ಇಬ್ಬರಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ದಿನಗೂಲಿಯವರಿಗೆ ಇಎಸ್‌ಐ ಅನ್ವಯಿಸುವುದಿಲ್ಲ ಎಂಬುದು ತಪ್ಪು. ಅಂಥ ಏಜೆನ್ಸಿಯಿಂದ ಬಂದಾಕೆಗೂ ನೇರವಾಗಿ ಬಂದಾಕೆಗೂ ಭದ್ರತೆಯ ದೃಷ್ಟಿಯಿಂದ ಒಂದು ಕೂದಲಿನಷ್ಟೂ ಅಂತರವಿಲ್ಲ. ಮಧ್ಯದಲ್ಲೊಬ್ಬರು ಹಣ ಹಿಡಿದುಕೊಂಡರು, ಅಷ್ಟೆ.

ಸುರಕ್ಷತೆಯ ಹೆಸರಿನಲ್ಲಿ ಹೇಳುವ ಮಾತು ಇದಕ್ಕಿಂತ ತೆಳುವಾದದ್ದು. ‘ವೆರಿಫೈಡ್’ ಎಂಬ ಮುದ್ರೆಯ ಹಿಂದೆ ಎಷ್ಟೋ ಸಲ ಇರುವುದು ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯೊಂದೇ. ಪೊಲೀಸ್ ಪರಿಶೀಲನೆ ಏಜೆನ್ಸಿಗಳಿಗೆ ಮಾತ್ರ ಮೀಸಲಾದದ್ದಲ್ಲ, ಸೇವಾ ಸಿಂಧು ಪೋರ್ಟಲ್ ಮೂಲಕ ಮನೆಯವರೇ ಕೋರಬಹುದು. ಕೋರುವುದಾದರೆ ಆಕೆಗೆ ತಿಳಿಸಿ, ಒಪ್ಪಿಗೆ ಪಡೆದು ಕೋರಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಪೊಲೀಸ್ ಠಾಣೆಯ ಹೆಸರು ಕೇಳಿದರೆ ಭಯಪಡಲು ಅವರಿಗೆ ಸಾಕಷ್ಟು ಕಾರಣಗಳಿವೆ. ಮನೆಯಲ್ಲಿ ಒಂದು ಉಂಗುರ ಕಾಣಿಸದಿದ್ದರೆ ಮೊದಲು ಯಾರ ಹೆಸರು ಬಾಯಿಗೆ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದು ಎರಡು ದಿನ ಬಿಟ್ಟು ಬೀರುವಿನ ಸೀರೆಯ ಮಡಿಕೆಯಲ್ಲಿ ಸಿಕ್ಕಿತೆಂಬ ಸುದ್ದಿ ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಬರುವುದಿಲ್ಲ. ಹತ್ತು ವರ್ಷದಿಂದ ಇದೇ ಬೀದಿಗಳಲ್ಲಿ ಕೆಲಸ ಮಾಡುತ್ತ, ಮನೆ ಎಲ್ಲಿ, ಮಕ್ಕಳು ಯಾವ ಶಾಲೆಯಲ್ಲಿ ಎಂದು ಹತ್ತು ಮನೆಯವರಿಗೆ ಗೊತ್ತಿರುವ ಹೆಂಗಸು ಹೊರಗಿನವಳಾಗಿ, ಪ್ರತಿ ವಾರ ಬೇರೊಂದು ಮುಖವಾಗಿ ಬರುವ ಏಜೆನ್ಸಿಯ ವ್ಯಕ್ತಿ ನಂಬಿಗಸ್ತರಾಗುವುದು ಯಾವ ತರ್ಕದಿಂದಲೋ ನನಗೆ ತಿಳಿಯದು.

ಕೆಲಸದ ಗುಣಮಟ್ಟದ ವಿಷಯದಲ್ಲಿ ಎರಡೂ ಕಡೆಯ ಮಾತನ್ನು ಹೇಳಲೇಬೇಕು. ಅಡುಗೆಮನೆಯ ಚಿಮಣಿಯ ಜಿಡ್ಡು, ಎತ್ತರದ ಕಿಟಕಿಗಳ ಹೊರಭಾಗ, ಸೋಫಾದೊಳಗಿನ ಧೂಳು, ಬೋರ್‌ವೆಲ್ ನೀರಿನಿಂದ ಟೈಲ್ಸ್ ಮೇಲೆ ಕಟ್ಟುವ ಬಿಳಿಯ ಗಾರೆಯಂಥ ಪದರ, ಇವುಗಳಿಗೆ ಯಂತ್ರ ಬೇಕು, ಏಣಿ ಬೇಕು, ಮೂರುನಾಲ್ಕು ಜನ ಒಟ್ಟಿಗೆ ಬೇಕು. ಗೌರಿ ಹಬ್ಬಕ್ಕೋ ದೀಪಾವಳಿಗೋ ಮುಂಚೆ ಇವನ್ನೆಲ್ಲ ದಿನದ ಕೆಲಸದಾಕೆಯ ಮೇಲೆ ಹೇರಿ, ಸ್ಟೂಲಿನ ಮೇಲೆ ಸ್ಟೂಲಿಟ್ಟು ಫ್ಯಾನ್ ಒರೆಸಲು ಹತ್ತಿಸಿ, ಕೊನೆಗೆ ಇನ್ನೂರು ರೂಪಾಯಿ ಕೈಗಿಡುವ ಪದ್ಧತಿ ನಿಲ್ಲಬೇಕು. ಇಂಥ ಕೆಲಸಕ್ಕೆ ಡೀಪ್ ಕ್ಲೀನಿಂಗ್ ತಂಡವನ್ನು ಕರೆಸುವುದೇ ನ್ಯಾಯ. ಮೇಲಂತಸ್ತಿನ ಕಿಟಕಿಯ ಹೊರಗೆ ಒರೆಸುವುದಾದರೆ ಸೊಂಟದ ಬೆಲ್ಟು ತಂದಿದ್ದಾರೆಯೇ ಎಂದು ನೋಡಿಯೇ ಒಳಗೆ ಬಿಡಬೇಕು.

ಆದರೆ ತಂಡಕ್ಕೆ ಮನೆಯ ಪರಿಚಯವಿರುವುದಿಲ್ಲ. ಬಸವನಗುಡಿಯ ನಮ್ಮ ಬಂಧುಗಳ ಹಳೆಯ ಮನೆಯಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲವಿದೆ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ತೆಳುವಾಗಿ ಹಾಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸುವ ನೆಲ ಅದು. ವರ್ಷ ಕಳೆದಂತೆ ನುಣುಪೇರುತ್ತದೆ, ಆದರೆ ಸುಣ್ಣದಂಶವಿರುವ ಸಿಮೆಂಟಾದ್ದರಿಂದ ಆಸಿಡ್ ತಾಗಿದರೆ ಮೇಲ್ಮೈ ಕರಗುತ್ತದೆ. ಹಬ್ಬದ ಮುಂಚೆ ಕರೆಸಿದ ತಂಡ ಬಾಗಿಲ ಬಳಿಯ ಕಲೆ ತೆಗೆಯಲು ಟಾಯ್ಲೆಟ್ ಕ್ಲೀನರ್ ಸುರಿದು, ತಿರುಗುವ ಬ್ರಷ್ಷಿನ ಯಂತ್ರ ಹರಿಸಿತು. ಟಾಯ್ಲೆಟ್ ಕ್ಲೀನರುಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಅರ್ಧ ಗಂಟೆಯಲ್ಲಿ ಎರಡಡಿ ಅಗಲದ ಜಾಗ ಬಣ್ಣಗೆಟ್ಟು ಉಪ್ಪುಕಾಗದದಂತೆ ಒರಟಾಯಿತು. ಮೇಲ್ವಿಚಾರಕ ಫೋಟೊ ತೆಗೆದುಕೊಂಡು ಹೋದ, ಪರಿಹಾರ ಬರಲಿಲ್ಲ. ಆ ಮನೆಯಲ್ಲಿ ಬಹುಕಾಲದಿಂದ ನೆಲ ಒರೆಸುವ ಹೆಂಗಸು ಮಾರನೆಯ ದಿನ ಬಂದು ಬೆರಳಿನಿಂದ ಸವರಿ ನೋಡಿ, ‘ಇದಕ್ಕೆ ಬರೀ ನೀರು ಸಾಕಮ್ಮ, ತಿಂಗಳಿಗೊಂದು ಸಲ ಕೊಬ್ಬರಿ ಎಣ್ಣೆ ಬಟ್ಟೆ ಆಡಿಸಿದ್ರೆ ಆಯ್ತು’ ಎಂದಳು. ಮಾರ್ಬಲ್ಲಿಗೂ ಆಸಿಡ್ ಆಗದು, ನಿಂಬೆರಸದ ಹನಿ ಕೂಡ ಕಲೆ ಉಳಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಬಾತ್‌ರೂಮಿನಲ್ಲಿ ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಕ್ಲೀನರ್ ಸುರಿಯುವುದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಸಣ್ಣ ಬಾತ್‌ರೂಮಿನಲ್ಲಿ ಅದು ಉಸಿರಾಟಕ್ಕೇ ಕುತ್ತು. ಇದನ್ನು ಏಜೆನ್ಸಿಯ ಸಿಬ್ಬಂದಿಗೆ ಹೇಳಿಕೊಡಬೇಕಾದವರು ಏಜೆನ್ಸಿಯವರು. ಸ್ವತಂತ್ರವಾಗಿ ಬರುವಾಕೆಗೆ ಹೇಳಬೇಕಾದವರು, ಕೈಗವಸು ಕೊಡಿಸಬೇಕಾದವರು ನಾವು.

ಏಜೆನ್ಸಿಯ ಪರವಾಗಿ ಎಲ್ಲರೂ ಮುಂದಿಡುವ ಗಟ್ಟಿ ವಾದವೆಂದರೆ ಬದಲಿ ವ್ಯವಸ್ಥೆ. ಹೇಳದೆ ಕೇಳದೆ ರಜೆ ಹಾಕುತ್ತಾರೆ, ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್, ಸಿಂಕಿನ ತುಂಬ ಪಾತ್ರೆ, ನಾವು ಆಫೀಸಿಗೆ ಹೋಗುವುದು ಹೇಗೆ ಎಂಬ ಗೋಳಿನಲ್ಲಿ ಸತ್ಯವಿದೆ. ಮುಖ್ಯವಾಗಿ ಒಂಟಿಯಾಗಿರುವ ವೃದ್ಧರಿಗೆ, ಹಸುಗೂಸಿರುವ ಮನೆಗಳಿಗೆ ಇದು ಸಣ್ಣ ತೊಂದರೆಯಲ್ಲ. ಆದರೆ ಆಕೆ ಯಾಕೆ ಹೇಳದೆ ರಜೆ ಹಾಕುತ್ತಾಳೆ ಎಂದು ಒಮ್ಮೆ ಯೋಚಿಸಬೇಕು. ಹೇಳಿದರೆ ರಜೆ ಸಿಗುವುದಿಲ್ಲ, ಅದಕ್ಕೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ತಿಂಗಳಿಗೆ ಎರಡು ರಜೆ, ಮೂರನೆಯದಕ್ಕೆ ಸಂಬಳ ಕಡಿತ. ಆಕೆಯ ಬೀದಿಗೆ ಕಾವೇರಿ ನೀರು ಬರುವ ದಿನ, ಮಗುವಿಗೆ ಜ್ವರ ಬಂದ ದಿನ, ಬೆರಳಚ್ಚು ಒತ್ತಿ ರೇಷನ್ ತರಬೇಕಾದ ದಿನ, ಊರಿನಲ್ಲಿ ದೇವರ ಜಾತ್ರೆಯಾಗುವ ದಿನ, ಎಲ್ಲವೂ ಆ ಎರಡರೊಳಗೇ ಮುಗಿಯಬೇಕು. ಆಫೀಸಿನಲ್ಲಿ ಕ್ಯಾಶುವಲ್ ಲೀವ್, ಸಿಕ್ ಲೀವ್, ಅರ್ನ್‌ಡ್ ಲೀವ್ ಎಂದು ಬಗೆಬಗೆಯಾಗಿ ಎಣಿಸುವ ನಾವೇ ಈ ನಿಯಮ ಮಾಡಿದವರು. ವಾರಕ್ಕೊಂದು ಸಂಬಳಸಹಿತ ರಜೆ, ಕಾಯಿಲೆಗೆ ಬೇರೆ ರಜೆ ಎಂದು ನಿಗದಿಯಾದ ಮನೆಗಳಲ್ಲಿ ಮುಂಚೆಯೇ ಹೇಳುವ ರೂಢಿ ತಾನಾಗಿ ಬಂದಿರುವುದನ್ನು ನಮ್ಮ ಮಹಡಿಯಲ್ಲೇ ನೋಡುತ್ತಿದ್ದೇನೆ. ಬದಲಿಗೂ ಅಲ್ಲಿ ದಾರಿಯಿದೆ. ಆಕೆ ಬಾರದ ದಿನ ಆಕೆಯ ಓರಗಿತ್ತಿಯೋ ಪಕ್ಕದ ಮನೆಯಾಕೆಯೋ ಬರುತ್ತಾರೆ, ಅಂದಿನ ಹಣ ಅವರಿಗೆ ಬೇರೆಯಾಗಿ ಸಿಗುತ್ತದೆ. ಏಜೆನ್ಸಿಯ ಬದಲಿ ವ್ಯವಸ್ಥೆಯಲ್ಲಿ ಬರುವುದು ಯಾರೋ. ಪೊರಕೆ ಎಲ್ಲಿದೆ, ದೇವರಮನೆಗೆ ಯಾವ ಬಟ್ಟೆ, ಯಾವ ನಲ್ಲಿ ಸೋರುತ್ತದೆ ಎಂಬುದನ್ನೆಲ್ಲ ಮತ್ತೆ ಮೊದಲಿನಿಂದ ಹೇಳಬೇಕು.

ಇಷ್ಟು ಹೇಳಿದ ಮೇಲೆ, ಏಜೆನ್ಸಿಯನ್ನು ತಾವಾಗಿಯೇ ಬಯಸುವ ಹೆಂಗಸರೂ ಇದ್ದಾರೆಂಬುದನ್ನು ಮರೆಮಾಚಲಾರೆ. ತಿಂಗಳ ಒಂದನೇ ತಾರೀಖಿಗೆ ಬ್ಯಾಂಕ್ ಖಾತೆಗೆ ಸಂಬಳ ಬೀಳುತ್ತದೆ, ಐದು ಮನೆಗಳ ಮುಂದೆ ನಿಂತು ‘ಅಮ್ಮ, ಸಂಬಳ’ ಎಂದು ನೆನಪಿಸಬೇಕಾಗಿಲ್ಲ. ಬೇರೆ ಲೋಟದಲ್ಲಿ ಕಾಫಿ ಕುಡಿಯಬೇಕಾಗಿಲ್ಲ. ಒಪ್ಪಿಕೊಂಡ ಕೆಲಸ ಮುಗಿದ ಮೇಲೆ ‘ಹಾಗೇ ಈ ನಾಲ್ಕು ಬಟ್ಟೆ’ ಎಂಬ ಮಾತಿಗೆ ಇಲ್ಲವೆನ್ನಲಾರದೆ ಒದ್ದಾಡಬೇಕಾಗಿಲ್ಲ. ಮನೆಯೊಡತಿಯ ಮರ್ಜಿಗಿಂತ ಕಂಪನಿಯ ನಿಯಮ ಮೇಲು ಎಂದು ಒಬ್ಬಾಕೆ ನನ್ನೆದುರೇ ಹೇಳಿದ್ದಾಳೆ. ಇದು ನಮ್ಮ ಮೇಲೆ ಹೊರಿಸಿದ ಆರೋಪ, ಏಜೆನ್ಸಿಗೆ ಕೊಟ್ಟ ಪ್ರಶಸ್ತಿಯೇನೂ ಅಲ್ಲ. ಇನ್ನೊಂದು ಕಡೆ, ಆ್ಯಪ್‌ಗೆ ಸೇರಿದಾಕೆ ಇಂಥ ಮನೆ ಬೇಡ ಎನ್ನುವುದು ಕಷ್ಟ, ತಡವಾದರೆ ದಂಡ, ಮುಖ ಸಪ್ಪಗಿದ್ದರೆ ಎರಡು ಸ್ಟಾರ್. ಮಗಳ ಕಾಲೇಜು ಫೀಸಿಗೆಂದು ಮುಂಗಡ ಕೇಳಲು ಆ್ಯಪ್‌ನಲ್ಲಿ ಗುಂಡಿಯಿಲ್ಲ.

ಕಾನೂನಿನ ವಿಷಯವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಸ್ವತಂತ್ರ ಕೆಲಸದವರಿಗೆ ಯಾವ ಕಾನೂನೂ ಇಲ್ಲ, ಏಜೆನ್ಸಿಯಾದರೆ ಎಲ್ಲವೂ ಕ್ರಮಬದ್ಧ ಎಂಬ ಮಾತು ನಮ್ಮ ಸಭೆಯಲ್ಲಿ ಕೇಳಿಬಂತು. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿ ದೇಶದಲ್ಲೇ ಮೊದಲು ಅಧಿಸೂಚನೆ ಹೊರಡಿಸಿದ್ದು ಕರ್ನಾಟಕ, 2004ರಲ್ಲಿ. ಅದರ ಹಿಂದೆ ಸ್ತ್ರೀ ಜಾಗೃತಿ ಸಮಿತಿಯಂಥ ಸಂಘಟನೆಗಳ ವರ್ಷಗಳ ಹೋರಾಟವಿತ್ತು. ಅಧಿಸೂಚನೆ ಇದೆಯೆಂಬುದೇ ಬಹುತೇಕ ಮನೆಗಳಿಗೆ ಗೊತ್ತಿಲ್ಲ, ಗೊತ್ತಿದ್ದರೂ ಮನೆಯೊಳಗೆ ತಪಾಸಣೆಗೆ ಬರುವವರಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ, ಮನೆಗೆಲಸದಾಕೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಸಂಘಟಿತ ಕಾರ್ಮಿಕರು ಇ-ಶ್ರಮ್ ಪೋರ್ಟಲ್‌ನಲ್ಲಿ 2021ರಿಂದ ಹೆಸರು ನೋಂದಾಯಿಸಬಹುದು. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್, ಮನೆಗೆಲಸದವರಿಗೆ ಪ್ರತ್ಯೇಕ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ತಜ್ಞರ ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷ ನಮ್ಮ ರಾಜ್ಯ ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ಕೆಲಸ ಮಾಡುವವರ, ಕಾಯ್ದೆಯನ್ನು ತಂದಿತು. ಆ್ಯಪ್ ಕಂಪನಿಗಳು ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ಕೊಡಬೇಕು ಎಂಬುದು ಅದರಲ್ಲಿದೆ. ಮನೆಗೆಲಸದವರಿಗಾಗಿಯೂ ಇಂಥದೇ ಕಲ್ಯಾಣ ನಿಧಿಯ ಮಸೂದೆಯ ಕರಡನ್ನು ಕಾರ್ಮಿಕ ಇಲಾಖೆ ಸಿದ್ಧಪಡಿಸಿದೆ. ಮನೆಯವರಿಂದಲೂ ವಂತಿಗೆ ಪಡೆಯುವ ಆಲೋಚನೆಗೆ ನಮ್ಮ ಗುಂಪಿನಲ್ಲಿ ಆಗಲೇ ಗೊಣಗಾಟ ಶುರುವಾಗಿದೆ. ಏಜೆನ್ಸಿಗೆ ಶೇ 18ರಷ್ಟು ಜಿಎಸ್‌ಟಿಯನ್ನು ಮಾತಿಲ್ಲದೆ ಕೊಡಲು ಸಿದ್ಧರಿರುವವರೇ ಅದಕ್ಕಿಂತ ಎಷ್ಟೋ ಕಡಿಮೆಯ ವಂತಿಗೆಗೆ ಮುಖ ಸಿಂಡರಿಸುವುದು ನೋಡುವಂಥದು.

ಈ ಕರಡು ಕಾನೂನಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕೆಲಸ ಯಾವುದು, ಎಷ್ಟು ಹೊತ್ತು, ಸಂಬಳ ಎಷ್ಟು, ಯಾವ ತಾರೀಖಿಗೆ, ರಜೆ ಎಷ್ಟು, ವರ್ಷಕ್ಕೆ ಎಷ್ಟು ಏರಿಕೆ, ದೀಪಾವಳಿಗೆ ಬೋನಸ್ ಏನು ಎಂಬುದನ್ನು ಕನ್ನಡದಲ್ಲಿ, ಅಥವಾ ಆಕೆಗೆ ತಮಿಳೋ ತೆಲುಗೋ ಓದಲು ಬರುವುದಾದರೆ ಆ ಭಾಷೆಯಲ್ಲಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಂಡರೆ ಏಜೆನ್ಸಿಯಿಂದ ಸಿಗುವ ಶಿಸ್ತಿನ ಬಹುಪಾಲು ಅಲ್ಲೇ ಸಿಗುತ್ತದೆ. ಸಣ್ಣ ಮೊತ್ತದ ಅಪಘಾತ ವಿಮೆಯನ್ನು ಆಕೆ ಕೆಲಸ ಮಾಡುವ ನಾಲ್ಕಾರು ಮನೆಯವರು ಸೇರಿ ಮಾಡಿಸಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಸಂಭವಿಸಿದರೆ ಎರಡು ಲಕ್ಷದ ರಕ್ಷಣೆ. ಆಕೆಯ ವಯಸ್ಸು 18ರಿಂದ 70ರೊಳಗಿದ್ದು, ಬ್ಯಾಂಕ್ ಖಾತೆಯೊಂದಿದ್ದರೆ ಸಾಕು.

ನಮ್ಮ ಸಂಘದ ಪದಾಧಿಕಾರಿಗಳಿಗೆ, ಇಂಥದೇ ಪ್ರಸ್ತಾವ ಇರುವ ಬೇರೆ ಸಂಘಗಳವರಿಗೆ ನನ್ನ ಕೋರಿಕೆ ಇಷ್ಟೆ. ಒಂದು ಮನೆಯವರು ತಮ್ಮ ಮನೆಗೆ ಯಾರನ್ನು ಕರೆಯಬೇಕೆಂಬುದನ್ನು ಗೇಟಿನಲ್ಲಿ ತೀರ್ಮಾನಿಸಬೇಡಿ. ಏಜೆನ್ಸಿ ಬೇಕೆನ್ನುವವರಿಗೆ ಏಜೆನ್ಸಿ ಇರಲಿ, ಆದರೆ ಇಎಸ್‌ಐ ದಾಖಲೆ ತೋರಿಸದವರಿಗೆ ಪ್ರವೇಶ ಬೇಡವೆಂದು ನಿಯಮ ಮಾಡಿ. ಸ್ವತಂತ್ರವಾಗಿ ಬರುವವರಿಗೆ ನೆಲಮಾಳಿಗೆಯಲ್ಲಿ ಒಂದು ಶೌಚಾಲಯ, ಎರಡು ಮನೆಗಳ ಕೆಲಸದ ನಡುವೆ ಕೂತು ಉಣ್ಣಲು ಫ್ಯಾನಿರುವ ಒಂದು ಕೋಣೆ ಕೊಡಿ. ಎಂಟು ಗಂಟೆ ನಮ್ಮ ಬಚ್ಚಲುಗಳನ್ನು ತೊಳೆಯುವವರಿಗೆ ಈ ಕಟ್ಟಡದಲ್ಲಿ ಬಳಸಲು ಒಂದು ಬಚ್ಚಲಿಲ್ಲ. ಪ್ರಸ್ತಾವವನ್ನು ಮತಕ್ಕೆ ಹಾಕುವ ಮುನ್ನ ಆ ಹೆಂಗಸರನ್ನೂ ಸಭೆಗೆ ಕರೆಯಿರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆಯಿಟ್ಟರೆ ಅವರು ನಮ್ಮ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ, ಮಧ್ಯಾಹ್ನ ಮೂರಕ್ಕೆ ಇಟ್ಟರೆ ಬರಬಲ್ಲರು.

ಇಂತಿ,
ನಿವಾಸಿಗಳ ಸಂಘದ ಒಬ್ಬ ಸದಸ್ಯೆ,
ಬನಶಂಕರಿ, ಬೆಂಗಳೂರು